ಚವಳಿಕಾಯಿ, ಟೊಮೆಟೊ, ಪುಂಡಿ: ಒಣಗಿಸುವುದೋ, ಉಪ್ಪಿಗೆ ಹಾಕುವುದೋ, ಫ್ರೀಜರಿಗೆ ಇಡುವುದೋ?

ಬಳ್ಳಾರಿ, ರಾಯಚೂರು, ಕೊಪ್ಪಳದ ಹಿತ್ತಲಲ್ಲಿ ಕಾಯಿಪಲ್ಯ ಬಂದರೆ ಒಮ್ಮೆಗೇ ಬರುತ್ತದೆ. ಅಕ್ಟೋಬರ್‌ನಲ್ಲಿ ನಾಟಿ ಮಾಡಿದ ಟೊಮೆಟೊ ಜನವರಿಯಿಂದ ಬುಟ್ಟಿ ಬುಟ್ಟಿ ಇಳಿಯುತ್ತದೆ. ಫೆಬ್ರವರಿಯಲ್ಲಿ ಬೀಜ ಊರಿದ ಚವಳಿಕಾಯಿ ಏಪ್ರಿಲ್ ಹೊತ್ತಿಗೆ ದಿನ ಬಿಟ್ಟು ದಿನ ಕೀಳುವಷ್ಟಾಗುತ್ತದೆ. ಪುಂಡಿಯಂತೂ ಕೊಯ್ದಷ್ಟೂ ಚಿಗುರುತ್ತದೆ. ಮೇ ತಿಂಗಳ ಉರಿಗೆ ಟೊಮೆಟೊ ಹೂವು ಉದುರಿ ಗಿಡ ಬರಿದಾದ ಮೇಲೆ ಅದೇ ಮನೆಯವರು ಸಂತೆಗೆ ಹೋಗಿ ದುಡ್ಡು ಕೊಟ್ಟು ತರಬೇಕು. ಅಲ್ಲಿಂದ ಮುಂದಿನ ಬೆಳೆ ಬರುವತನಕ ಸಾಗಿಸಲು ಯಾವ ಕಾಯಿಗೆ ಯಾವ ದಾರಿ ಒಳ್ಳೆಯದು ಎಂದು ತಿಳಿಯಲು, ಒಂದೇ ದಿನ ಕಿತ್ತದ್ದನ್ನು ಕಿಲೋ ಲೆಕ್ಕದಲ್ಲಿ ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ರೀತಿ ಮಾಡಿಟ್ಟು, ಆರು ತಿಂಗಳ ಮೇಲೆ ಅಡುಗೆಗೆ ತೆಗೆದು ನೋಡಿದ ಹೋಲಿಕೆ ಇದು.

ಮೊದಲು ಹೇಳಬೇಕಾದ ಮಾತು: ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ ಎಂದು ಕಾಯಿಯನ್ನು ಹಾಗೇ ಮಾಳಿಗೆ ಮೇಲೆ ಸುರಿಯಬಾರದು. ಇಲ್ಲಿ ಬಿಸಿಲು ಸಾಲದೆ ಕೆಡುವುದಕ್ಕಿಂತ ಬಿಸಿಲು ಮಿತಿಮೀರಿ ಕೆಡುವುದೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ದಿನ ತಗಡಿನ ಮೇಲೆ ಹರಡಿದ ಹೋಳಿನ ಮೇಲ್ಮೈ ಮಧ್ಯಾಹ್ನದೊಳಗೆ ಗಟ್ಟಿ ಚಿಪ್ಪಾಗುತ್ತದೆ, ಒಳಗಿನ ನೀರು ಹೊರಬರಲಾರದೆ ಅಲ್ಲೇ ಉಳಿಯುತ್ತದೆ. ಕೈಗೆ ಒಣಗಿದಂತೆ ಕಾಣುತ್ತದೆ, ಡಬ್ಬಿಯಲ್ಲಿ ಹದಿನೈದು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ತಗಡು, ಪ್ಲಾಸ್ಟಿಕ್ ತಾಡಪತ್ರಿ, ಹಳೆಯ ಹತ್ತಿ ಸೀರೆ, ಹೊರಸಿನ ಮೇಲೆ ಬಿಗಿದ ಸೊಳ್ಳೆಪರದೆ ಈ ನಾಲ್ಕರಲ್ಲಿ ಹೊರಸೇ ಮೇಲು. ಕೆಳಗಿನಿಂದಲೂ ಗಾಳಿ ಆಡುವುದರಿಂದ ಎರಡೂ ಮೈ ಸಮನಾಗಿ ಒಣಗುತ್ತವೆ, ಮಗುಚುವ ಕೆಲಸ ಕಡಿಮೆ. ತಾಡಪತ್ರಿಯಲ್ಲಿ ಕೆಳಮೈ ಬೆವರುತ್ತದೆ. ಸೀರೆ ಪರವಾಗಿಲ್ಲ, ಆದರೆ ಟೊಮೆಟೊ ಅದಕ್ಕೆ ಅಂಟಿಕೊಂಡು ಬಿಡಿಸುವಾಗ ಹರಿಯುತ್ತದೆ. ಹೊರಸಿನ ನಾಲ್ಕು ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಮೇಲೆ ಇನ್ನೊಂದು ತೆಳು ಪರದೆ ಬೇಕೇ ಬೇಕು. ಬೇಸಿಗೆ ಗಾಳಿಯಲ್ಲಿ ಬರುವ ಧೂಳು ಒಮ್ಮೆ ಟೊಮೆಟೊ ಹೋಳಿಗೆ ಅಂಟಿದರೆ ತೊಳೆದು ತೆಗೆಯಲಾಗದು. ಅದಿರಿನ ಲಾರಿ ಓಡುವ ರಸ್ತೆ ಪಕ್ಕದ ಮನೆಯವರು ಮಾಳಿಗೆ ಮೇಲೆ ಒಣಗಿಸುವ ಆಸೆ ಬಿಟ್ಟು ಉಪ್ಪಿನ ದಾರಿ ಹಿಡಿಯುವುದೇ ಸರಿ.

ಚವಳಿಕಾಯಿ

ಇದನ್ನೇ ಗೋರಿಕಾಯಿ ಎಂದೂ ಅನ್ನುತ್ತಾರೆ. ನೀರು ಕಡಿಮೆ ಇದ್ದರೂ ಬರುವ, ನಮ್ಮ ನೆಲಕ್ಕೆ ಹೇಳಿಮಾಡಿಸಿದ ಬೆಳೆ. ಬಿತ್ತಿ 45ರಿಂದ 50 ದಿನಕ್ಕೆ ಮೊದಲ ಕೊಯ್ಲು. ಇಲ್ಲಿ ಎಲ್ಲವೂ ನಿಂತಿರುವುದು ಕೀಳುವ ದಿನದ ಮೇಲೆ. ಬಗ್ಗಿಸಿದರೆ ಲಟಕ್ಕನೆ ಮುರಿಯಬೇಕು. ಬಗ್ಗಿ ಮಡಚಿಕೊಂಡರೆ ನಾರು ಕಟ್ಟಿದೆ ಎಂದರ್ಥ. ನಾರು ಕಟ್ಟಿದ ಕಾಯಿ ಹಸಿಯಾಗಿದ್ದಾಗ ಹೇಗೋ ಬೆಂದೀತು, ಒಣಗಿಸಿದ ಮೇಲೆ ಎಷ್ಟು ಕುದಿಸಿದರೂ ಕಡ್ಡಿಯೇ. ಎರಡು ದಿನಕ್ಕೊಮ್ಮೆ ಕೀಳಲು ಆಗದಿದ್ದರೆ, ಬಲಿತದ್ದನ್ನು ಬೇರೆ ಮಾಡಿ ಬೀಜಕ್ಕೆ ಬಿಡಿ.

ಹಸಿಯಾಗಿಯೇ ಒಣಗಿಸಿದ ಪಾಲು ನಾಲ್ಕು ದಿನ ತೆಗೆದುಕೊಂಡಿತು, ಬಣ್ಣ ಬೂದುಗಂದು. ಮೊದಲ ತಿಂಗಳು ರುಚಿ ಸರಿಯಿತ್ತು, ಆರನೇ ತಿಂಗಳಿಗೆ ಒಣಹುಲ್ಲಿನ ವಾಸನೆ. ಕಿತ್ತ ಮೇಲೂ ಕಾಯಿಯೊಳಗಿನ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ, ಬರೀ ಬಿಸಿಲಿಗೆ ಅವು ಸಾಯುವುದಿಲ್ಲ. ಬಣ್ಣ, ವಾಸನೆ ಕೆಡಿಸುವವು ಅವೇ.

ಕುದಿಸಿ ಒಣಗಿಸಿದ ಪಾಲು ಗೆದ್ದಿತು. ತುದಿ ತೊಟ್ಟು ಮುರಿದ ಒಂದು ಕಿಲೋ ಕಾಯಿಗೆ 4 ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ನೀರು ಕೊತಕೊತ ಕುದಿಯುವಾಗ ಅರ್ಧ ಕಿಲೋದಂತೆ ಎರಡು ಸಲ ಹಾಕಿ, ಮತ್ತೆ ಕುದಿ ಹತ್ತಿದ ಮೇಲೆ 3 ನಿಮಿಷ. ಕೂಡಲೇ ತಣ್ಣೀರಿಗೆ ಹಾಕಿ, ಸೋಸಿ, ಬಟ್ಟೆ ಮೇಲೆ ಒಂದು ತಾಸು ಆರಿಸಿ ಹೊರಸಿಗೆ ಹಾಕಿದರೆ ಎರಡೂವರೆ ದಿನದಲ್ಲಿ ಒಣಗುತ್ತದೆ. ಒಂದು ಕಿಲೋಗೆ 180ರಿಂದ 200 ಗ್ರಾಂ ಸಿಗುತ್ತದೆ. ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಸುಣ್ಣದಂಶ ಕಾಯಿಯ ಸಿಪ್ಪೆಯನ್ನು ಬಿಗಿ ಮಾಡುತ್ತದೆ, ಮುಂದೆ ಪಲ್ಯಕ್ಕೆ ಹಾಕಿದಾಗ ಬೇಯುವುದು ತಡ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಲ್ಲಿ ಕುದಿಸಿದ್ದಕ್ಕೂ ಬೋರ್ ನೀರಲ್ಲಿ ಕುದಿಸಿದ್ದಕ್ಕೂ ಹಲ್ಲಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಅಷ್ಟು ನೀರು ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲಿ 5 ನಿಮಿಷ ಹಬೆ ಕೊಡಿ, ಫಲ ಹೆಚ್ಚುಕಡಿಮೆ ಅಷ್ಟೇ.

ಮಜ್ಜಿಗೆ ಬಾಳಕ ಬೇರೆಯದೇ ಲೆಕ್ಕ. ಹಬೆ ಕೊಟ್ಟ ಒಂದು ಕಿಲೋ ಕಾಯಿಗೆ ಮುಕ್ಕಾಲು ಲೀಟರ್ ಹುಳಿ ಗಟ್ಟಿ ಮಜ್ಜಿಗೆ, 80 ಗ್ರಾಂ ಉಪ್ಪು, ಸ್ವಲ್ಪ ಜೀರಿಗೆ, ಇಂಗು. ರಾತ್ರಿ ನೆನೆಸಿ ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ದಿನದಲ್ಲಿ ಮಜ್ಜಿಗೆಯೆಲ್ಲ ಕಾಯಿಗೆ ಹತ್ತುತ್ತದೆ, ಮೇಲೆ ಎರಡು ದಿನ ಪೂರ್ತಿ ಬಿಸಿಲು. 300 ಗ್ರಾಂ ಬರುತ್ತದೆ. ವರ್ಷ ಇಟ್ಟರೂ ಕೆಡದು, ಕರಿದರೆ ಅನ್ನ ಸಾರಿನ ಜೊತೆ ಬಲು ರುಚಿ. ಆದರೆ ಅದು ಪಲ್ಯಕ್ಕೆ ಬರುವುದಿಲ್ಲ, ಉಪ್ಪೂ ಜಾಸ್ತಿ. ಮಜ್ಜಿಗೆ ಹುಳಿಯಿರದಿದ್ದರೆ ಎರಡನೇ ದಿನಕ್ಕೇ ಲೋಳೆ ಬಂದು ವಾಸನೆ ಹೊಡೆಯುತ್ತದೆ. ಆ ಪಾಲನ್ನು ಉಳಿಸಲು ಹೋಗಬೇಡಿ.

ಫ್ರೀಜರಿನಲ್ಲಿಟ್ಟದ್ದು ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ. ಕುದಿಸುವ ಕ್ರಮ ಮೇಲಿನದೇ, ಆಮೇಲೆ ಐಸ್ ನೀರಿಗೆ ಹಾಕಿ, ಒರೆಸಿ, ಚೀಲದಲ್ಲಿ ತೆಳ್ಳಗೆ ಹರಡಿ ಇಡಬೇಕು. ಆದರೆ ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಪೆಟ್ಟಿಗೆ ಮೈನಸ್ 18ಕ್ಕೆ ಇಳಿಯುವುದಿಲ್ಲ. ಅದರಲ್ಲಿ ಒಂದೂವರೆ ತಿಂಗಳು ಇಟ್ಟರೆ ಹೆಚ್ಚು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಒಮ್ಮೆ ಕರಗಿ ಮತ್ತೆ ಗಡ್ಡೆಕಟ್ಟಿದ ಕಾಯಿ ಮೆತ್ತಗಾಗಿ ನೀರು ಬಿಡುತ್ತದೆ. ಇನ್ವರ್ಟರ್ ಮೇಲೆ ಫ್ರಿಜ್ಜು ನಡೆಯದ ಮನೆಗೆ ಇದನ್ನು ಹೇಳಲಾರೆವು.

ಇಷ್ಟರ ಜೊತೆ ಇನ್ನೊಂದು ಮಾತು. ಬೇಯಿಸಿದ ಚವಳಿಕಾಯಿಯನ್ನು ಗಾಜಿನ ಬಾಟಲಿಗೆ ತುಂಬಿ, ನೀರಲ್ಲಿ ಕುದಿಸಿ, ಮುಚ್ಚಳ ಬಿಗಿದು ಹೊರಗಿಡುವ ವಿಧಾನವನ್ನು ಪ್ರಯೋಗಕ್ಕೂ ತೆಗೆದುಕೊಂಡಿಲ್ಲ. ಹುಳಿಯಿಲ್ಲದ ತರಕಾರಿಯಲ್ಲಿ ಬಾಟ್ಯುಲಿಸಂ ಎಂಬ ಜೀವಕ್ಕೇ ಅಪಾಯದ ಆಹಾರವಿಷ ತರುವ ಸೂಕ್ಷ್ಮಾಣುವಿನ ಬೀಜಕಣ 100 ಡಿಗ್ರಿ ಕುದಿಗೆ ಸಾಯುವುದಿಲ್ಲ, ಗಾಳಿಯಾಡದ ಬಾಟಲಿಯೇ ಅದಕ್ಕೆ ಬೇಕಾದ ಮನೆ. ವಿಷವಾದ ಬಾಟಲಿಗೆ ವಾಸನೆಯೂ ಇರಬೇಕೆಂದಿಲ್ಲ. ದಯವಿಟ್ಟು ಮಾಡಬೇಡಿ.

ಟೊಮೆಟೊ

ದಪ್ಪ ತಿರುಳಿನ ಹೈಬ್ರಿಡ್ ಹಣ್ಣು ಒಣಗಿಸಲು, ಹುಳಿ ನಾಟಿ ಹಣ್ಣು ಉಪ್ಪಿನಕಾಯಿಗೆ. ಇದನ್ನು ಅದಲುಬದಲು ಮಾಡಿದರೆ ಎರಡೂ ಹಾಳು.

ಅರ್ಧ ಮಾಡಿ ಒಣಗಿಸಿದವು ಆರನೇ ದಿನಕ್ಕೂ ಬೀಜದ ಗುಳಿಯಲ್ಲಿ ಹಸಿಯಾಗಿದ್ದವು, ಅಲ್ಲೇ ಬೂಸ್ಟು ಬಂತು. 6 ಮಿಲಿಮೀಟರ್ ಬಿಲ್ಲೆ ಕೊಯ್ದು, ಕಿಲೋಗೆ 15 ಗ್ರಾಂ ಉಪ್ಪು ಸವರಿ, ಅರ್ಧ ತಾಸು ಜರಡಿಯಲ್ಲಿ ಇಳಿಬಿಟ್ಟು ಹರಡಿದವು ಫೆಬ್ರವರಿ ಬಿಸಿಲಿಗೆ ಮೂರು ದಿನದಲ್ಲಿ ಆದವು. ಕಿಲೋಗೆ ಸಿಗುವುದು 65 ಗ್ರಾಂ ಆಸುಪಾಸು. ಹಣ್ಣಿನಲ್ಲಿ ನೂರಕ್ಕೆ 94 ಪಾಲು ನೀರೇ ಇರುವಾಗ ಇದಕ್ಕಿಂತ ಹೆಚ್ಚು ಸಿಕ್ಕರೆ ಒಣಗಿಲ್ಲ ಎಂದು ತಿಳಿಯಿರಿ. ಪುಡಿ ಮಾಡಿ ಇಡಬೇಡಿ, ಜುಲೈ ಹವೆಗೆ ಗಟ್ಟಿಯಾಗಿ ಕಲ್ಲಾಗುತ್ತದೆ. ಬಿಲ್ಲೆಯಾಗಿಟ್ಟು ಬೇಕಾದಾಗ ಪುಡಿ ಮಾಡಿ.

ಕುದಿಸಿ ಗಟ್ಟಿ ಮಾಡಿದ ರಸ ಫ್ರೀಜರಿಗೆ ಮಾತ್ರ. ಕಿಲೋಗೆ 400 ಗ್ರಾಂ ಬರುವಷ್ಟು ಇಂಗಿಸಿ ಐಸ್ ತಟ್ಟೆಯಲ್ಲಿ ಹಾಕಿದರೆ ಸಾರಿಗೆ ಎರಡೆರಡು ಗಡ್ಡೆ ತೆಗೆಯಬಹುದು. ಗ್ಯಾಸಿನ ಖರ್ಚು ನೋಡಿದರೆ ಇದು ಮೂರನೇ ಸ್ಥಾನ.

ಉತ್ತಮ ಎಂದರೆ ಬಿಸಿಲು, ಉಪ್ಪು ಎರಡೂ ಸೇರಿದ ಉಪ್ಪಿನಕಾಯಿ. ಆಂಧ್ರದ ಗಡಿಗೆ ಅಂಟಿದ ನಮ್ಮೂರುಗಳ ಮನೆಗಳಲ್ಲಿ ಬಲ್ಲ ವಿಧಾನವೇ. ಒಂದು ಕಿಲೋ ಹಣ್ಣನ್ನು ತೊಳೆದು, ಒಂದು ಹನಿ ನೀರು ಉಳಿಯದಂತೆ ಒರೆಸಿ, ನಾಲ್ಕು ಹೋಳು ಮಾಡಿ. 100 ಗ್ರಾಂ ಹರಳುಪ್ಪು, ಒಂದು ಚಮಚ ಅರಿಶಿನ ಸೇರಿಸಿ ಪಿಂಗಾಣಿ ಭರಣಿಯಲ್ಲಿ ಎರಡು ದಿನ. ಮೂರನೇ ದಿನ ಹೋಳನ್ನು ಹಿಂಡಿ ಹೊರಸಿಗೆ, ರಸವನ್ನು ಬಟ್ಟೆ ಕಟ್ಟಿದ ಪಾತ್ರೆಯಲ್ಲಿ ಪಕ್ಕದಲ್ಲೇ ಬಿಸಿಲಿಗೆ. ರಸಕ್ಕೆ 80 ಗ್ರಾಂ ಬೀಜ ತೆಗೆದ ಹುಣಸೆಹಣ್ಣು ಹಾಕಿರಬೇಕು. ಎರಡು ದಿನದ ಮೇಲೆ ಹೋಳು, ರಸ, ಹುಣಸೆ ಕೂಡಿಸಿ ರುಬ್ಬಿ, 80 ಗ್ರಾಂ ಖಾರದ ಪುಡಿ, 10 ಗ್ರಾಂ ಹುರಿದ ಮೆಂತ್ಯದ ಪುಡಿ ಕಲಸಿ. ಒಗ್ಗರಣೆಯನ್ನು ಬೇಕಾದಷ್ಟಕ್ಕೇ ಆಗಾಗ ಕೊಡಿ. ಉಪ್ಪು ಜಾಸ್ತಿ ಎಂದು 60 ಗ್ರಾಂಗೆ ಇಳಿಸಿದ ಪಾಲು ಜೂನ್ ಮುಗಿಯುವುದರೊಳಗೆ ನೊರೆ ಎದ್ದಿತು.

ಪುಂಡಿ

ಬಿಸಿಲಿಗೆ ಒಣಗಿಸಿದ್ದು ಕಪ್ಪಾಯಿತು, ನೆರಳಿಗೆ ಒಣಗಿಸಿದ್ದು ಹಸಿರು ಉಳಿಸಿಕೊಂಡಿತು. ಫ್ಯಾನ್ ಕೆಳಗೆ ಒಂದೂವರೆ ದಿನ ಸಾಕು. ಹುಳಿ ಎರಡರಲ್ಲೂ ಇದೆ, ಬೇಳೆಗೆ ಹಾಕಲು ನಡೆಯುತ್ತದೆ. ಆದರೆ ರೊಟ್ಟಿಗೆ ಬೇಕಾದ ಆ ಮೆತ್ತನೆ ಗಟ್ಟಿತನ ಒಣಗಿದ ಎಲೆಯಿಂದ ಮತ್ತೆ ಬರುವುದಿಲ್ಲ. ಅದು ಬರುವುದು ಎಣ್ಣೆಯಲ್ಲಿ ಹುರಿದಿಟ್ಟ ತೊಕ್ಕಿನಿಂದ ಮಾತ್ರ.

ದಂಟು ಬಿಡಿಸಿದ ಅರ್ಧ ಕಿಲೋ ಎಲೆಯನ್ನು ತೊಳೆದು, ರಾತ್ರಿಯಿಡೀ ಬಟ್ಟೆ ಮೇಲೆ ಆರಿಸಿ. ತೊಕ್ಕು ಕೆಡುವುದು ಬಹುತೇಕ ಈ ಒಂದು ಹಂತದಲ್ಲಿ ಅವಸರ ಮಾಡಿದ್ದರಿಂದ. 150 ಮಿಲಿಲೀಟರ್ ಶೇಂಗಾ ಎಣ್ಣೆಯಲ್ಲಿ ಸಣ್ಣ ಉರಿಗೆ ಹುರಿಯಿರಿ. ಎಲೆ ಕರಗಿ ಮುದ್ದೆಯಾಗಿ, ಕೊನೆಗೆ ಅಂಚಿನಲ್ಲಿ ಎಣ್ಣೆ ಬಿಡಬೇಕು. 60 ಗ್ರಾಂ ಉಪ್ಪು, 50 ಗ್ರಾಂ ಖಾರ. ಸ್ಟೀಲ್ ಬಾಣಲೆಯಲ್ಲೇ ಮಾಡಿ, ಅಲ್ಯೂಮಿನಿಯಂ ಪಾತ್ರೆಯನ್ನು ಪುಂಡಿ ಹುಳಿ ತಿನ್ನುತ್ತದೆ. ಬೆಳ್ಳುಳ್ಳಿಯನ್ನು ಭರಣಿಗೆ ಸೇರಿಸದೆ ಊಟದ ಹೊತ್ತಿಗೆ ಒಗ್ಗರಣೆಯಲ್ಲಿ ಹಾಕಿ. ಕೆಂಪು ದಂಟಿನ ಪುಂಡಿ ಹೆಚ್ಚು ಹುಳಿ, ತೊಕ್ಕಿಗೆ ಅದೇ ಸರಿ.

ಬೆಂಡೆಕಾಯಿಯನ್ನು ಕುದಿಸಿದರೆ ಲೋಳೆ ಬಿಡುತ್ತದೆ, ಹಸಿಯಾಗಿಯೇ ಬಿಲ್ಲೆ ಕೊಯ್ದು ಒಣಗಿಸಿ. ಹಾಗಲಕ್ಕೆ ಮಜ್ಜಿಗೆ. ಬದನೆ ಕೊಯ್ದ ಕೂಡಲೇ ಉಪ್ಪು ನೀರಿಗೆ ಬೀಳಬೇಕು, ಇಲ್ಲವಾದರೆ ಕಪ್ಪು.

ಒಣಗಿಸಿದ್ದು ಯಾವುದೇ ಇರಲಿ, ನೇರ ಡಬ್ಬಿಗೆ ಹಾಕಿ ಮರೆಯಬೇಡಿ. ತಣ್ಣಗಾದ ಮೇಲೆ ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿ, ಒಂದು ವಾರ ದಿನಾ ಅಲ್ಲಾಡಿಸಿ ನೋಡಿ. ಗಾಜಿನ ಒಳಮೈಗೆ ಮಂಜು ಕಟ್ಟಿದರೆ ಇನ್ನೊಂದು ದಿನ ಬಿಸಿಲು. ಮಳೆ ಹಿಡಿದ ಮೇಲೆ ಭರಣಿಯ ಮುಚ್ಚಳವನ್ನು ಬೆಳಿಗ್ಗೆ ತೆರೆಯದೆ, ಹವೆ ಒಣಗಿರುವ ಮಧ್ಯಾಹ್ನ ತೆರೆದು ವಾರಕ್ಕೆ ಬೇಕಾದಷ್ಟು ಒಮ್ಮೆಗೇ ತೆಗೆದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಚವಳಿಕಾಯಿ ಮುರಿಯದೆ ಬಗ್ಗಿದರೆ, ಬೂಸ್ಟಿಲ್ಲ ಎಂದು ಖಚಿತ ಮಾಡಿಕೊಂಡು ದಪ್ಪ ತವೆ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹತ್ತು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ತುಂಬಿ.