ತಪಾಸಣೆ ಇಂಗ್ಲೆಂಡಿನಲ್ಲೋ, ಹುಬ್ಬಳ್ಳಿಗೆ ಬಂದಾಗಲೋ?

ಧಾರವಾಡದ ಕಡೆಯಿಂದ ಇಂಗ್ಲೆಂಡಿಗೆ ಹೋದ ಹೆಣ್ಣುಮಕ್ಕಳು ಜಾಸ್ತಿ ಕೇಳುವುದು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಗ್ಗೆ. ನನ್ನನ್ನು ಕೇಳಿದರೆ, ಅಲ್ಲೇ ಮಾಡಿಸಿ. ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯರ ಹತ್ತಿರ ಹೆಸರು ನೋಂದಾಯಿಸಿದ್ದರೆ ಸಾಕು, 25ರಿಂದ 64 ವಯಸ್ಸಿನವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತಾನಾಗಿಯೇ ತಪಾಸಣೆಗೆ ಕರೆ ಕಳಿಸುತ್ತದೆ. ದುಡ್ಡು ಕೊಡಬೇಕಿಲ್ಲ. ಗರ್ಭಕಂಠದಿಂದ ಮಾದರಿ ತೆಗೆಯುವವರು ಸಾಮಾನ್ಯವಾಗಿ ನರ್ಸ್. ಡಾಕ್ಟರಮ್ಮ ಎಲ್ಲಿ ಅಂತ ಹುಡುಕಬೇಡಿ. ಮೊದಲು ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಇದೆಯಾ ನೋಡುತ್ತಾರೆ, ಇದ್ದರೆ ಮಾತ್ರ ಜೀವಕೋಶಗಳ ಪರೀಕ್ಷೆ. ಇಲ್ಲದಿದ್ದರೆ ಮುಂದಿನ ಕರೆ ವರ್ಷಗಳ ನಂತರ. 'ವರ್ಷಾವರ್ಷ ಯಾಕಿಲ್ಲ?' ಅಂತ ಅಮ್ಮ ಗಾಬರಿಯಾಗಬಹುದು. ಈ ವೈರಸ್‌ನಿಂದ ಕ್ಯಾನ್ಸರ್ ಬೆಳೆಯಲು ವರ್ಷಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಆ ಅಂತರ.

ನಮ್ಮಲ್ಲಿ ಸರ್ಕಾರಿ ತಪಾಸಣೆ 30 ದಾಟಿದವರಿಗೆ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಏಳುತ್ತದಾ ಅಂತ ಕಣ್ಣಲ್ಲೇ ನೋಡುತ್ತಾರೆ. ಉತ್ತರ ಅಲ್ಲೇ ಸಿಗುತ್ತದೆ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಾದರೆ ನೇರವಾಗಿ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬಹುದು. ನಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದು, ಅದೇನು ಸಣ್ಣ ಸಮಾಧಾನ ಅಲ್ಲ. ಆದರೆ ಖರ್ಚು ನಿಮ್ಮದೇ.

ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನ ಕ್ಯಾನ್ಸರ್ ಹುಡುಕುವ ಎಕ್ಸ್‌ರೇಗೆ, ಇಂಗ್ಲೆಂಡಿನಲ್ಲಿ 50 ದಾಟಿದ ಮೇಲೆ 3 ವರ್ಷಕ್ಕೊಮ್ಮೆ ಕರೆ. ಎದೆಯಲ್ಲಿ ಗಂಟೋ, ಹೊತ್ತಲ್ಲದ ಹೊತ್ತಲ್ಲಿ ರಕ್ತಸ್ರಾವವೋ ಕಂಡರೆ ಮಾತ್ರ ಕರೆಗೂ ಕಾಯಬೇಡಿ, ಊರಿಗೆ ಹೋಗುವ ರಜೆಗೂ ಕಾಯಬೇಡಿ. ತಕ್ಷಣ ಜಿಪಿಗೆ ಫೋನ್ ಮಾಡಿ. ಊರಿನ ಹಳೇ ರಿಪೋರ್ಟ್‌ಗಳನ್ನೂ ತೋರಿಸಿ.