ವಿಮಾನಯಾನದ ದೂರ ಮತ್ತು ಅವಧಿ ತಿಳಿಸುವ ಒಂದು ಜಾಲತಾಣ: ವಿಮರ್ಶೆ

ಎರಡು ನಗರಗಳ ಹೆಸರು ಕೊಟ್ಟರೆ ಅವುಗಳ ನಡುವಿನ ವಿಮಾನಮಾರ್ಗದ ದೂರವನ್ನೂ ಪ್ರಯಾಣದ ಅವಧಿಯನ್ನೂ ತಿಳಿಸುವ ಉಚಿತ ಜಾಲತಾಣಗಳು ಹಲವಾರಿವೆ. ಅವುಗಳಲ್ಲಿ ನಾನು ಹೆಚ್ಚಾಗಿ ಬಳಸುವ ಒಂದರ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅದು ಹೇಳುವ ದೂರವನ್ನು ನಿಶ್ಚಿಂತೆಯಿಂದ ಒಪ್ಪಿಕೊಳ್ಳಬಹುದು. ಅವಧಿಯನ್ನು ಮಾತ್ರ ಇನ್ನೊಮ್ಮೆ ಪರಿಶೀಲಿಸಿಕೊಳ್ಳದೆ ನಂಬುವಂತಿಲ್ಲ.

ದೂರವನ್ನು ಅದು ಮಹಾವೃತ್ತದ ಗುಂಟ, ಅಂದರೆ ಗೋಳದ ಮೇಲಿನ ಎರಡು ಬಿಂದುಗಳ ನಡುವಣ ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತದೆ. ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಗೋಳವೆಂದು ಭಾವಿಸಿ ಲೆಕ್ಕ ಹಾಕಿದರೂ, ಧ್ರುವಗಳ ಬಳಿ ಅದು ತುಸು ಚಪ್ಪಟೆಯಾಗಿರುವುದರಿಂದ ಉಂಟಾಗುವ ವ್ಯತ್ಯಾಸ ಸುಮಾರು ಶೇಕಡಾ ಅರ್ಧವನ್ನು ಮೀರುವುದಿಲ್ಲ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 5,550, ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,300 ಕಿಲೋಮೀಟರ್ ಎಂಬ ಅದರ ಉತ್ತರಗಳು ಸರಿಯಾಗಿಯೇ ಇವೆ.

ತೊಡಕಿರುವುದು ಅವಧಿಯಲ್ಲಿ. ಗಂಟೆಗೆ 850 ಕಿಲೋಮೀಟರ್ ವೇಗವೆಂದು ಹಿಡಿದು, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುವುದಷ್ಟೇ ಅದರ ಸೂತ್ರ. ಹೀಗಾಗಿ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಹೋಗುವುದಕ್ಕೂ ಬರುವುದಕ್ಕೂ ಏಳೇ ಗಂಟೆ ಎನ್ನುತ್ತದೆ. ವಾಸ್ತವದಲ್ಲಿ ಅಲ್ಲಿ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿಯಿಂದಾಗಿ, ವೇಳಾಪಟ್ಟಿಯಲ್ಲಿಯೇ ಪಶ್ಚಿಮದತ್ತ ಹೋಗುವ ಪ್ರಯಾಣಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಇರುತ್ತದೆ. 2020ರ ಫೆಬ್ರುವರಿಯಲ್ಲಿ, ಚಂಡಮಾರುತದ ಗಾಳಿ ಹಿಂದಿನಿಂದ ನೂಕುತ್ತಿದ್ದಾಗ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ತಲುಪಿತ್ತು. ಅಂಥ ಅಪರೂಪದ ಗಾಳಿಯನ್ನು ಯಾವ ಸೂತ್ರವೂ ಮುಂಗಾಣಲಾರದು, ನಿಜ. ಆದರೆ ವರ್ಷವಿಡೀ ಇರುವ ದಿಕ್ಕಿನ ವ್ಯತ್ಯಾಸವನ್ನಾದರೂ ತೋರಿಸಬಹುದಿತ್ತು.

ಇದಕ್ಕಿಂತ ದೊಡ್ಡ ಅಂತರ ಕಾಣುವುದು ಹೆಲ್ಸಿಂಕಿ ಮತ್ತು ಟೋಕಿಯೊ ನಡುವೆ. ಸುಮಾರು 7,850 ಕಿಲೋಮೀಟರ್‌ನ ಈ ಮಾರ್ಗಕ್ಕೆ ಜಾಲತಾಣ ಹತ್ತು ಗಂಟೆಗೂ ಕಡಿಮೆ ಹೇಳುತ್ತದೆ, ಸೈಬೀರಿಯಾದ ಮೇಲೆ ಅಂದವಾದ ಗೆರೆಯನ್ನೂ ಎಳೆಯುತ್ತದೆ. 2022ರಲ್ಲಿ ಯುರೋಪಿನ ಬಹುತೇಕ ವಿಮಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಫಿನ್ನೇರ್ ವಿಮಾನಗಳು ಆ ಗೆರೆಯ ಮೇಲೆ ಹಾರುತ್ತಿಲ್ಲ. ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದ ದೇಶಗಳ ಮೇಲಿಂದಲೋ ಸುತ್ತಿ ಹೋಗಲು ಅವಕ್ಕೆ ಸುಮಾರು ಹದಿಮೂರು ಗಂಟೆ ಬೇಕಾಗುತ್ತದೆ.

ತಲುಪುವ ಊರಿನ ಸ್ಥಳೀಯ ಸಮಯವನ್ನು ತಿಳಿಸುವ ಸೌಲಭ್ಯ ಮಾತ್ರ ಮೆಚ್ಚುವಂಥದ್ದು. ಅಮೆರಿಕದಲ್ಲಿ ಬೇಸಿಗೆ ಸಮಯ, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವ ಪದ್ಧತಿ, ಬ್ರಿಟನ್ನಿಗಿಂತ ಮೊದಲೇ ಆರಂಭವಾಗುವುದರಿಂದ, ಮಾರ್ಚ್ ತಿಂಗಳ ಕೆಲವು ದಿನ ಲಂಡನ್ ಮತ್ತು ನ್ಯೂಯಾರ್ಕ್‌ಗಳ ಅಂತರ ಐದು ಗಂಟೆಯಿಂದ ನಾಲ್ಕಕ್ಕೆ ಇಳಿಯುತ್ತದೆ. ಅದನ್ನೂ ಅದು ತಪ್ಪದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಲಂಡನ್‌ನಿಂದ ಸಿಡ್ನಿಗೆ ಸುಮಾರು 17,000 ಕಿಲೋಮೀಟರ್, ಇಪ್ಪತ್ತೂವರೆ ಗಂಟೆ ಎಂಬ ಉತ್ತರವೂ ಸಿಗುತ್ತದೆ. ಇದನ್ನು ಬರೆಯುವ ಹೊತ್ತಿಗೆ ಆ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ನಿಯಮಿತ ಸೇವೆಯೇ ಇಲ್ಲ. ಅಂಥ ಉತ್ತರಗಳ ಕೆಳಗೆ ‘ನೇರ ವಿಮಾನವಿಲ್ಲ’ ಎಂಬ ಒಂದು ಸಾಲನ್ನು ಸೇರಿಸುವುದು ಜಾಲತಾಣದವರಿಗೆ ಕಷ್ಟವಾಗಲಾರದು.