ಕೈ ಜೋಮಿಗೆ ಲೇಸರ್ ಪ್ಯಾಕೇಜ್ ಎಂದು ಹಣ ಕಟ್ಟುವ ಮೊದಲು ಇದನ್ನು ಓದಿ

ನಾನು ಮೂವತ್ತು ವರ್ಷಗಳಿಂದ ಬಟ್ಟೆ ಹೊಲಿಯುವವಳು. ಹೋದ ಚಳಿಗಾಲದಲ್ಲಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ನಡುರಾತ್ರಿ ಎಚ್ಚರವಾಗತೊಡಗಿತು. ಎದ್ದು ಕೂತು ಕೈ ಕೊಡವಿದರೆ ಮಾತ್ರ ಬಿಡುತ್ತಿತ್ತು. ನೋವಿನ ಕ್ಲಿನಿಕ್ ಒಂದರಲ್ಲಿ ಇದು ಕಾರ್ಪಲ್ ಟನಲ್, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿದೆ ಎಂದರು. ಅಷ್ಟು ಮಾತ್ರ ಸರಿಯಾಗಿ ಹೇಳಿದರು. "ಆಪರೇಷನ್ ಬೇಡವೇ ಬೇಡ, ಇಪ್ಪತ್ತು ಲೇಸರ್ ಸಿಟ್ಟಿಂಗ್ ಸಾಕು" ಎಂದು 18,000 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿಸಿಕೊಂಡು, ಕೈಗೊಂದು ಪಟ್ಟಿ ಕೊಟ್ಟು, ಹಗಲು ಕೆಲಸದ ಹೊತ್ತಿನಲ್ಲಿ ಕಟ್ಟಿಕೊಂಡು ರಾತ್ರಿ ಬಿಚ್ಚಿಡಬೇಕೆಂದರು. ನರದ ಪರೀಕ್ಷೆ ಮಾಡಿಸಲಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ ಇದೆಯೇ ಎಂದೂ ಕೇಳಲಿಲ್ಲ.

ಹದಿನಾಲ್ಕು ಸಿಟ್ಟಿಂಗ್ ಮುಗಿದರೂ ಜೋಮು ಹಾಗೇ ಇತ್ತು. ಕೇಳಿದರೆ, "ನರ ಅಂದರೆ ನಿಧಾನ ಅಮ್ಮಾ, ಇನ್ನು ಹತ್ತು ಸೇರಿಸೋಣ" ಎಂದರು. ಉಳಿದ ಹಣ ಕೇಳಿದ್ದಕ್ಕೆ, "ನೀವು ಹೊಲಿಗೆ ಬಿಡಲಿಲ್ಲವಲ್ಲ, ತಪ್ಪು ನಿಮ್ಮದೇ" ಎಂದರು. ಹತ್ತು ಜನರ ಮುಂದೆ ಹಾಗೆ ಹೇಳಿದರು, ನಾನು ತಲೆ ತಗ್ಗಿಸಿ ಬಂದೆ.

ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯರು ನನ್ನ ಪಟ್ಟಿಯೊಳಗಿನ ಲೋಹದ ತಗಡನ್ನು ಹೊರಗೆಳೆದು ನೋಡಿ, "ಇದು ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿಡುತ್ತದೆ, ನರದ ಮೇಲೆ ಒತ್ತಡ ಇನ್ನೂ ಹೆಚ್ಚುತ್ತದೆ" ಎಂದು ಹೇಳಿ, ಮೇಜಿನ ಅಂಚಿಗೆ ಒತ್ತಿ ಅದನ್ನು ನೇರ ಮಾಡಿ, ರಾತ್ರಿ ಮಲಗುವಾಗ ಕಟ್ಟಿಕೊಳ್ಳಲು ಹೇಳಿದರು. ಒಂದು ಪೈಸೆ ಖರ್ಚಿಲ್ಲದ ಆ ಕೆಲಸವನ್ನು ನೋಡುತ್ತಾ ನಿಂತಾಗ ನಾನು ಎಷ್ಟು ಮೋಸ ಹೋಗಿದ್ದೇನೆಂದು ತಿಳಿದು ಕಣ್ಣಲ್ಲಿ ನೀರು ಬಂತು. ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ. ಆದರೆ 2018ರಲ್ಲಿ ಬ್ರಿಟನ್ನಿನಲ್ಲಿ ಇಂಜೆಕ್ಷನ್, ರಾತ್ರಿ ಕಟ್ಟುವ ಪಟ್ಟಿ ಎರಡನ್ನೂ ಹೋಲಿಸಿ ನೋಡಿದಾಗ ಆರು ವಾರಕ್ಕೆ ಇಂಜೆಕ್ಷನ್ ಮೇಲಾಗಿದ್ದು, ಆರು ತಿಂಗಳಿಗೆ ವ್ಯತ್ಯಾಸ ಕಾಣಲಿಲ್ಲವೆಂದು ಅವರು ತಿಳಿಸಿದರು. ಲೇಸರಿಗೆ ಅಂಥ ಗಟ್ಟಿ ಆಧಾರವಿಲ್ಲವಂತೆ.

ದಯವಿಟ್ಟು ನರದ ಪರೀಕ್ಷೆಯಾಗದೆ ಯಾವ ಪ್ಯಾಕೇಜಿಗೂ ಮುಂಗಡ ಕೊಡಬೇಡಿ, ಕೊಟ್ಟರೆ ರಸೀದಿ ಬಿಡಬೇಡಿ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರಂತೂ ಪಟ್ಟಿಯನ್ನೇ ನಂಬಿ ಕೂರದೆ ಶಸ್ತ್ರಚಿಕಿತ್ಸಕರನ್ನು ಕಾಣಿ.

ಆರನೆಯ ವಾರಕ್ಕೆ ನನಗೆ ರಾತ್ರಿ ನಿದ್ದೆ ಹತ್ತಿತು. ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಹೇಳಿದಾಗ, "ನೋಡಿದಿರಾ ಅಮ್ಮಾ, ನಮ್ಮ ಲೇಸರಿನ ಫಲ ಈಗ ಕಾಣುತ್ತಿದೆ" ಎಂದರು. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣವೆಂದರೆ, ನನ್ನ ಕೈಯಲ್ಲಿ ರಸೀದಿಯೇ ಇಲ್ಲ.